ವರದಿಯಲ್ಲಿದ್ದ ಎರಡು ಲ್ಯಾಟಿನ್ ಪದಗಳು



ಮನೆಭೇಟಿಗೆ ಹೋದಾಗ ಜನರು ನಮ್ಮ ಕೈಗೆ ಹಲವು ಬಗೆಯ ಕಾಗದಗಳನ್ನು ಕೊಡುತ್ತಾರೆ. ಬ್ಯಾಂಕಿನ ನೋಟೀಸು, ಗಲ್ಫಿನ ಕೆಲಸದ ಕರಾರು, ಮಕ್ಕಳ ಅಂಕಪಟ್ಟಿ, ಜಾಗದ ನಕ್ಷೆ. ಪಾದ್ರಿಗಳಿಗೆ ಇಂಗ್ಲಿಷ್ ಬರುತ್ತದೆ, ಹಾಗಾಗಿ ಎಲ್ಲವೂ ತಿಳಿದಿರುತ್ತದೆ ಎಂಬ ನಂಬಿಕೆ ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಇನ್ನೂ ಉಳಿದಿದೆ. ಆ ನಂಬಿಕೆಯನ್ನು ಕೆಡಿಸಲು ನಾವೂ ಅವಸರ ಮಾಡಿದವರಲ್ಲ. ಆದರೆ ಒಂದು ಸಂಜೆ ಒಬ್ಬ ತಾಯಿ ಕೈಗಿತ್ತ ಮೂರು ಪುಟಗಳ ರಕ್ತಪರೀಕ್ಷೆಯ ವರದಿಯ ಮುಂದೆ ನಾವು ಸೋತುಹೋದೆವು.

ಮಗುವಿಗೆ ಎರಡೂವರೆ ವರ್ಷ. ಹುಟ್ಟಿದ ಕೂಡಲೇ ಉಸಿರಾಡಲಾಗದೆ ನೀಲಿಗಟ್ಟಿತ್ತಂತೆ. ಮೂಗಿನ ಹಿಂಭಾಗದ ದಾರಿ ಮುಚ್ಚಿತ್ತು. ಹೃದಯಕ್ಕೆ ಒಂದು ಶಸ್ತ್ರಚಿಕಿತ್ಸೆ ಆಗಿದೆ. ಒಂದು ಕಣ್ಣಿನ ಪಾಪೆ ದುಂಡಗಿಲ್ಲ, ಬೀಗದ ತೂತಿನ ಹಾಗೆ ಕೆಳಕ್ಕೆ ಚಾಚಿಕೊಂಡಿದೆ. ಕಿವಿ ಸರಿಯಾಗಿ ಕೇಳುವುದಿಲ್ಲ, ಇನ್ನೂ ನಡೆಯುವುದಿಲ್ಲ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆಯೇ ಹೇಳಿದರು: "ಏಳನೆಯ ತಿಂಗಳಲ್ಲಿ ಗ್ರಹಣ ಬಂದಿತ್ತು ಫಾದರ್. ಕತ್ತಿ ಮುಟ್ಟಬೇಡ ಎಂದೆ. ಕೇಳಬೇಕಲ್ಲ, ಮೀನು ಕೊಯ್ಯಲು ಕೂತಳು." ಸೊಸೆ ಏನೂ ಹೇಳಲಿಲ್ಲ. ನಮ್ಮನ್ನು ಅಂಗಳದವರೆಗೆ ಕಳುಹಿಸಲು ಬಂದಾಗ ಮಾತ್ರ ಕೇಳಿದಳು: "ಫಾದರ್, ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ?"

"ದೇವರ ಚಿತ್ತ, ಮಗಳೇ" ಎಂದು ಹೇಳಿ ನಾವು ಬೈಕು ಹತ್ತಿದೆವು. ಆ ಉತ್ತರದ ಬಗ್ಗೆ ನಮಗೆ ಇಂದಿಗೂ ನಾಚಿಕೆ ಇದೆ.

ವರದಿಯ ಒಂದು ಪ್ರತಿಯನ್ನು ಕೇಳಿ ತಂದಿದ್ದೆವು. ರಾತ್ರಿ ಓದಿದರೆ ಮೂರು ಪುಟಗಳಲ್ಲಿ ನಮಗೆ ಅರ್ಥವಾದದ್ದು ಎರಡೇ ಪದ, ಅವೂ ಗುರುಮಠದ ಲ್ಯಾಟಿನ್ ಪಾಠದ ಪುಣ್ಯದಿಂದ: 'ಡೆ ನೋವೋ'. ಹೊಸದಾಗಿ, ಹೊಸತಾಗಿ ಮೊದಲ್ಗೊಂಡು ಎಂದರ್ಥ. ಸಿ.ಎಚ್.ಡಿ.7 ಎಂಬ ಹೆಸರಿನ ಮುಂದೆ ಅದನ್ನು ಅಚ್ಚು ಹಾಕಿದ್ದರು. ಆ ತಾಯಿಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು ಎಂದು ತಿಳಿಯಲು ನಮಗೆ ಹಲವು ವಾರಗಳೂ, ಒಬ್ಬ ಪರಿಚಿತ ವೈದ್ಯರ ತಾಳ್ಮೆಯೂ ಬೇಕಾಯಿತು. ತಿಳಿದಷ್ಟನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ. ಸ್ವಲ್ಪ ವಿಜ್ಞಾನ ಬರುತ್ತದೆ, ದಯವಿಟ್ಟು ಪುಟ ಮಗುಚಬೇಡಿ.

ನಮ್ಮ ದೇಹದ ಪ್ರತಿ ಜೀವಕೋಶದಲ್ಲೂ, ಕೆಂಪು ರಕ್ತಕಣದಂಥ ಕೆಲವನ್ನು ಬಿಟ್ಟು, ಒಂದೇ ಬರಹ ಇದೆ. ಅದೇ ಡಿ.ಎನ್.ಎ. ಎಂಬ ಎಳೆ. ಅದರಲ್ಲಿ ಪ್ರೋಟೀನುಗಳನ್ನು ತಯಾರಿಸಲು ಬೇಕಾದ ಸುಮಾರು 20,000 ಪಾಠಗಳಿವೆ. ಒಂದೊಂದು ಪಾಠವನ್ನೂ ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ. ಕಣ್ಣಿನ ಕೋಶದಲ್ಲಿರುವುದೂ ಅದೇ ಬರಹ, ಯಕೃತ್ತಿನ ಕೋಶದಲ್ಲಿರುವುದೂ ಅದೇ. ಹಾಗಿದ್ದ ಮೇಲೆ ಕಣ್ಣು ಕಣ್ಣಾಗಿ, ಯಕೃತ್ತು ಯಕೃತ್ತಾಗಿ ಆಗುವುದು ಹೇಗೆ? ಪ್ರತಿ ಕೋಶವೂ ಎಲ್ಲ ಪಾಠಗಳನ್ನೂ ಓದುವುದಿಲ್ಲ, ತನಗೆ ಬೇಕಾದದ್ದನ್ನು ಮಾತ್ರ ಬಿಚ್ಚಿ ಓದುತ್ತದೆ. ಉಳಿದದ್ದು ಕಟ್ಟಿಟ್ಟ ಹಾಗೆಯೇ ಇರುತ್ತದೆ.

ಧರ್ಮಕೇಂದ್ರದ ಕಚೇರಿಯನ್ನು ನೆನೆಸಿಕೊಳ್ಳಿ. ಜ್ಞಾನಸ್ನಾನದ, ವಿವಾಹದ, ಮರಣದ ದಾಖಲೆ ಪುಸ್ತಕಗಳು ಕಪಾಟಿನಲ್ಲಿ ದಾರ ಬಿಗಿದು ಕಟ್ಟಿಟ್ಟಿರುತ್ತವೆ. ನಿಮಗೆ ಪ್ರಮಾಣಪತ್ರ ಬೇಕಾದರೆ ನಾವು ಪುಸ್ತಕವನ್ನೇ ಹರಿದು ಕೊಡುವುದಿಲ್ಲ. ಬೇಕಾದ ಪುಟ ತೆರೆದು ನಕಲು ಬರೆದು ಕೊಡುತ್ತೇವೆ. ಪುಸ್ತಕ ಕಪಾಟು ಬಿಟ್ಟು ಹೊರಗೆ ಹೋಗುವುದಿಲ್ಲ. ಕೋಶದಲ್ಲೂ ಹೀಗೆಯೇ. ಡಿ.ಎನ್.ಎ. ಕೋಶಕೇಂದ್ರದಲ್ಲೇ ಉಳಿಯುತ್ತದೆ, ಅದರ ನಕಲು, ಅಂದರೆ ಆರ್.ಎನ್.ಎ., ಹೊರಗೆ ಹೋಗಿ ಕೆಲಸ ಮಾಡಿಸುತ್ತದೆ. ಆದರೆ ಕಟ್ಟು ಬಿಚ್ಚದೆ ಯಾವ ಗುಮಾಸ್ತನೂ ನಕಲು ಬರೆಯಲಾರ. ಆ ಕಟ್ಟಿನದೇ ಈ ತಿಂಗಳ ಕಥೆ.

ವಂಶವಾಹಿಯ ಲೆಕ್ಕಾಚಾರವನ್ನು ಜಗತ್ತಿಗೆ ಮೊದಲು ತೋರಿಸಿದವರು ನಮ್ಮವರೇ ಆದ ಅಗಸ್ಟಿನ್ ಸಭೆಯ ಗ್ರೆಗರ್ ಮೆಂಡೆಲ್ ಎಂಬುದು ನಿಮಗೆ ಗೊತ್ತು. ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಬೆಳೆಸಿ ಕಂಡದ್ದನ್ನು ಅವರು 1866ರಲ್ಲಿ ಪ್ರಕಟಿಸಿದರು. ಯಾರೂ ಹೆಚ್ಚು ಗಮನಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದರು, 1884ರಲ್ಲಿ ತೀರಿಕೊಂಡರು. ಅದೇ 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಎಂಬ ವಿಜ್ಞಾನಿ ಬಾತುಜಾತಿಯ ಹೆಬ್ಬಾತಿನ ರಕ್ತದಿಂದ ಒಂದು ಹೊಸ ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಹಿಸ್ಟೋನ್ ಎಂದು ಹೆಸರಿಟ್ಟರು. ನಮ್ಮ ಕೆಂಪು ರಕ್ತಕಣಗಳಿಗಿಲ್ಲದ ಕೋಶಕೇಂದ್ರ ಹಕ್ಕಿಗಳದಕ್ಕೆ ಇದೆ, ಅದರಿಂದ ಹೆಬ್ಬಾತು ಅನುಕೂಲವಾಯಿತು. ಮೆಂಡೆಲರು ಕಂಡ ಗುಣಗಳಿಗೂ ಕೊಸೆಲ್ ಕಂಡ ಪ್ರೋಟೀನಿಗೂ ಇರುವ ನಂಟು ಮಾತ್ರ ಮುಂದೆ ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಹಿಸ್ಟೋನ್ ಎಂದರೆ ಬರಿಯ ಪ್ಯಾಕಿಂಗ್ ಸಾಮಾನು ಎಂದೇ ಹಲವರು ತಿಳಿದಿದ್ದರು.

ಪ್ಯಾಕಿಂಗ್ ಸಣ್ಣ ಕೆಲಸವೇನೂ ಅಲ್ಲ. ಒಂದು ಕೋಶದ ಡಿ.ಎನ್.ಎ.ಯನ್ನು ಎಳೆದು ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್ ಆಗುತ್ತದೆ. ಅದು ಇರಬೇಕಾದ ಕೋಶಕೇಂದ್ರದ ಅಗಲ ಒಂದು ಮಿಲಿಮೀಟರಿನ ಸುಮಾರು ನೂರರಲ್ಲಿ ಒಂದು ಪಾಲು. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಇದರ ಕಟ್ಟೋಣವನ್ನು ವಿವರಿಸಿದರು: ಎಂಟು ಹಿಸ್ಟೋನುಗಳು ಸೇರಿ ಒಂದು ಗುಂಡು, ಆ ಗುಂಡಿಗೆ ಸುತ್ತಿದ ಡಿ.ಎನ್.ಎ. ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ದಾರದಲ್ಲಿ ಪೋಣಿಸಿದ ಮಣಿಗಳಂತೆ ಕಂಡಿತು. ನಮ್ಮ ಕಣ್ಣಿಗಾದರೆ ಜಪಸರದಂತೆ. ಒಂದು ವ್ಯತ್ಯಾಸವಿದೆ: ಜಪಸರದಲ್ಲಿ ದಾರ ಮಣಿಯ ಒಳಗಿಂದ ಹೋಗುತ್ತದೆ, ಇಲ್ಲಿ ಹೊರಗಿನಿಂದ ಒಂದೂಮುಕ್ಕಾಲು ಸುತ್ತಿನಷ್ಟು ಸುತ್ತಿಕೊಳ್ಳುತ್ತದೆ. ಒಂದು ಮಣಿಗೆ ಡಿ.ಎನ್.ಎ.ಯ 147 ಅಕ್ಷರ. ಒಂದು ಕೋಶದಲ್ಲಿ ಇಂಥ ಮಣಿಗಳು ಸುಮಾರು 3 ಕೋಟಿ. ಎಲ್ಲ ಸೇರಿದ ಈ ಗಂಟಿಗೆ ಕ್ರೊಮಾಟಿನ್ ಎಂದು ಹೆಸರು. ಬಣ್ಣ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಬಣ್ಣ ಹಾಕಿದಾಗ ಅದು ಚೆನ್ನಾಗಿ ಹಿಡಿದುಕೊಳ್ಳುತ್ತಿತ್ತು, ಅಷ್ಟೇ.

ಮಣಿಗೆ ಬಿಗಿಯಾಗಿ ಸುತ್ತಿಕೊಂಡ ಅಕ್ಷರಗಳನ್ನು ಓದುವುದು ಕಷ್ಟ. ಆದ್ದರಿಂದ ದೇವರು ಕೋಶದೊಳಗೆ ಮಣಿಗಳನ್ನು ಸರಿಸುವ ಕೆಲಸಗಾರರನ್ನೂ ಇಟ್ಟಿದ್ದಾನೆ. ಇವೂ ಪ್ರೋಟೀನುಗಳೇ, ಹತ್ತಾರು ತುಂಡು ಸೇರಿದ ಯಂತ್ರಗಳು ಎಂದರೂ ಸರಿ. ಎ.ಟಿ.ಪಿ. ಎಂಬ ಇಂಧನವನ್ನು ಉರಿಸಿ, ಒಂದು ಮಣಿಯನ್ನು ದಾರದ ಮೇಲೆ ಆಚೆಗೆ ಜಾರಿಸುತ್ತವೆ, ಇಲ್ಲವೆ ಕಿತ್ತು ತೆಗೆಯುತ್ತವೆ, ಇಲ್ಲವೆ ಮಣಿಯ ಒಂದು ತುಂಡನ್ನು ತೆಗೆದು ಬೇರೊಂದನ್ನು ಹಾಕುತ್ತವೆ. ಇವುಗಳ ಸುಳಿವು ಮೊದಲು ಸಿಕ್ಕಿದ್ದು ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ. 1980ರ ದಶಕದಲ್ಲಿ ಸಕ್ಕರೆಯನ್ನು ಹುಳಿಸಲಾರದ ಕೆಲವು ಯೀಸ್ಟ್‌ಗಳನ್ನು ಪರೀಕ್ಷಿಸಿದಾಗ, ಹುಳಿಸುವ ಜೀನ್ ಸರಿಯಾಗಿಯೇ ಇತ್ತು. ಅದನ್ನು ತೆರೆಯಬೇಕಾದ ಯಂತ್ರ ಕೆಟ್ಟಿತ್ತು. ಆ ಯಂತ್ರದ ನೆಂಟರು ನಮ್ಮಲ್ಲೂ ಇದ್ದಾರೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಅದರ ಯಾವುದಾದರೂ ತುಂಡು ಕೆಟ್ಟಿರುವುದನ್ನು ಇತ್ತೀಚಿನ ವರ್ಷಗಳಲ್ಲಿ ಕಂಡಿದ್ದಾರೆ. ಪಾಠ ಸರಿ ಇದ್ದರೆ ಸಾಲದು, ತೆರೆದು ಓದುವವರೂ ಸರಿ ಇರಬೇಕು.

ಮಣಿಯ ತುಂಡನ್ನು ಬದಲಿಸುವ ಮಾತು ಇನ್ನೂ ಸೋಜಿಗದ್ದು. ಹಿಸ್ಟೋನುಗಳಲ್ಲಿ ಸಾಮಾನ್ಯವಾದವುಗಳಲ್ಲದೆ ತುಸು ಬೇರೆ ರೂಪದವೂ ಇವೆ. ಎಚ್2ಎ ಎಂಬುದರ ಜಾಗದಲ್ಲಿ ಎಚ್2ಎ.ಝಡ್ ಎಂಬುದನ್ನು, ಹೆಚ್ಚಾಗಿ ಜೀನ್ ಆರಂಭವಾಗುವಲ್ಲಿ, ಕೂರಿಸಲಾಗುತ್ತದೆ. ಪುಟಕ್ಕೆ ಗುರುತಿನ ಚೀಟಿ ಇಟ್ಟ ಹಾಗೆ. ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಸಂಸ್ಥೆಯಲ್ಲಿ ವಿನೋದ್ ಕುಮಾರ್ ಮತ್ತು ಫಿಲಿಪ್ ವಿಗ್ 2010ರಲ್ಲಿ ಪ್ರಕಟಿಸಿದ ಸಂಗತಿ ಇದು: ಸಾಸಿವೆಯ ಜಾತಿಯ ಒಂದು ಪುಟ್ಟ ಗಿಡ ಹವೆ ಬಿಸಿಯಾಯಿತೆಂದು ತಿಳಿಯುವುದರಲ್ಲಿ ಈ ಎಚ್2ಎ.ಝಡ್‌ನ ಪಾತ್ರವಿದೆ. ಬಿಸಿಲೇರಿದಂತೆ ಈ ಬಗೆಯ ಮಣಿಗಳು ಕಡಿಮೆಯಾಗಿ, ಕಟ್ಟಿಟ್ಟಿದ್ದ ಜೀನುಗಳು ತೆರೆದುಕೊಳ್ಳುತ್ತವೆ. ಈ ತುಂಡನ್ನು ಕೂರಿಸುವ ಯಂತ್ರ ಕೆಟ್ಟ ಗಿಡವಾದರೋ ತಂಪಿನಲ್ಲಿಟ್ಟರೂ ಬೇಸಿಗೆ ಬಂತೆಂದು ನಡೆದುಕೊಂಡು ಬೇಗ ಹೂ ಬಿಡುತ್ತದೆ.

ಗಿಡದ ಈ ಯಂತ್ರಕ್ಕೆ ಸಮನಾದ ಒಂದು ಯಂತ್ರ ಮನುಷ್ಯರಲ್ಲೂ ಇದೆ. ಅದರ ಮುಖ್ಯ ಪ್ರೋಟೀನಿನ ಹೆಸರು ಎಸ್.ಆರ್.ಸಿ.ಎ.ಪಿ. ಅದರ ಜೀನಿನಲ್ಲಿ ದೋಷವಾದಾಗ ಮಕ್ಕಳು ಗಿಡ್ಡವಾಗಿರುತ್ತಾರೆ, ಮೂಳೆ ನಿಧಾನವಾಗಿ ಬಲಿಯುತ್ತದೆ, ಮಾತು ತಡವಾಗುತ್ತದೆ. 'ಫ್ಲೋಟಿಂಗ್ ಹಾರ್ಬರ್' ಎಂಬ ವಿಚಿತ್ರ ಹೆಸರು ಈ ಸ್ಥಿತಿಗೆ. ಮೊದಲ ಮಕ್ಕಳನ್ನು ನೋಡಿದ ಅಮೆರಿಕದ ಎರಡು ಆಸ್ಪತ್ರೆಗಳ ಹೆಸರು ಸೇರಿ ಹಾಗಾಯಿತು, ಹಡಗಿಗೂ ಬಂದರಿಗೂ ಸಂಬಂಧವಿಲ್ಲ. ಕಾರಣ ತಿಳಿದದ್ದು 2012ರಲ್ಲಿ.

ಇನ್ನು ನಮ್ಮ ಮನೆಯ ಮಗು. ಸಿ.ಎಚ್.ಡಿ.7 ಕೂಡ ಮಣಿ ಸರಿಸುವ ಯಂತ್ರವೇ. ಅದರ ಪಾಠ ಇರುವುದು 8ನೆಯ ವರ್ಣತಂತುವಿನಲ್ಲಿ. ಈ ಮಕ್ಕಳ ಸ್ಥಿತಿಗೆ 'ಚಾರ್ಜ್' ಎಂದು ಹೆಸರು. ಆರು ತೊಂದರೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ 1981ರಲ್ಲಿ ಇಟ್ಟದ್ದು. ಸುಮಾರು 10,000 ಜನನಗಳಲ್ಲಿ ಒಂದರಲ್ಲಿ ಕಾಣುತ್ತದೆ. ಕಣ್ಣು, ಹೃದಯ, ಮೂಗು, ಕಿವಿ, ಇಷ್ಟು ದೂರದೂರದ ಅಂಗಗಳು ಒಟ್ಟಿಗೆ ಕೆಡುವುದೇಕೆ ಎಂಬುದು ಬಹುಕಾಲ ಒಗಟಾಗಿತ್ತು. 2004ರಲ್ಲಿ ನೆದರ್‌ಲ್ಯಾಂಡ್ಸ್‌ನ ನೈಮೇಖನ್ ನಗರದ ಸಂಶೋಧಕರು ಈ ಜೀನನ್ನು ಗುರುತಿಸಿದರು. ಗರ್ಭದ ಆರಂಭದ ವಾರಗಳಲ್ಲಿ ಭ್ರೂಣದ ಬೆನ್ನ ಕಡೆಯಿಂದ ಒಂದು ಬಗೆಯ ಕೋಶಗಳು ಹೊರಟು ಮುಖಕ್ಕೂ ಹೃದಯಕ್ಕೂ ವಲಸೆ ಹೋಗುತ್ತವೆ. ಅವು ಹೊರಡಬೇಕಾದರೆ ಕೆಲವು ಪಾಠಗಳು ತೆರೆದುಕೊಳ್ಳಬೇಕು; ತೆರೆಯುವವರಲ್ಲಿ ಸಿ.ಎಚ್.ಡಿ.7 ಒಬ್ಬ. ಯೀಸ್ಟಿನಲ್ಲಿ ಕಂಡ ಯಂತ್ರದ ನೆಂಟನೊಡನೆ ಸೇರಿಯೇ ಅದು ಈ ಕೆಲಸ ಮಾಡುತ್ತದೆ ಎಂದು 2010ರಲ್ಲಿ ಗೊತ್ತಾಯಿತು. ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ತಂದೆಯದೊಂದು, ತಾಯಿಯದೊಂದು. ಒಂದು ಪ್ರತಿ ಕೆಟ್ಟರೆ ಅರ್ಧದಷ್ಟು ಕೆಲಸಗಾರರು ಉಳಿಯುತ್ತಾರೆ, ಆದರೆ ಈ ಕೆಲಸಕ್ಕೆ ಅರ್ಧ ಸಾಲದು.

ಈಗ ಅಜ್ಜಿಯ ಗ್ರಹಣಕ್ಕೆ ಬರೋಣ. ಹೃದಯ, ಕಿವಿ, ಮೂಗಿನ ದಾರಿ ಇವೆಲ್ಲ ರೂಪುಗೊಳ್ಳುವುದು ಮೊದಲ ಮೂರು ತಿಂಗಳೊಳಗೆ. ಏಳನೆಯ ತಿಂಗಳ ಗ್ರಹಣ ಬರುವಷ್ಟರಲ್ಲಿ ಎಲ್ಲವೂ ಆಗಿಹೋಗಿತ್ತು. ಅದಕ್ಕೂ ಹಿಂದೆ, ಗರ್ಭ ನಿಲ್ಲುವ ಮೊದಲೇ, ಬೀಜಕೋಶದಲ್ಲಿ ಡಿ.ಎನ್.ಎ. ನಕಲಾಗುವಾಗ ಅಕ್ಷರವೊಂದು ತಪ್ಪಿತ್ತು. ತಂದೆತಾಯಿಯರ ರಕ್ತದಲ್ಲಿ ಆ ತಪ್ಪು ಇಲ್ಲ, ಮಗುವಿನಲ್ಲಿ ಮಾತ್ರ ಇದೆ. 'ಡೆ ನೋವೋ' ಎಂದರೆ ಅದೇ. ಚಾರ್ಜ್ ಇರುವ ಬಹುಪಾಲು ಮಕ್ಕಳಲ್ಲಿ ಹೀಗೆಯೇ.

ಇಂಥ ಹೊಸ ತಪ್ಪು ಅಪರೂಪವೂ ಅಲ್ಲ. ಹುಟ್ಟುವ ಪ್ರತಿ ಮಗುವಿನಲ್ಲೂ ಹೆತ್ತವರಲ್ಲಿಲ್ಲದ ಸುಮಾರು 60ರಿಂದ 70 ಅಕ್ಷರ ಬದಲಾವಣೆಗಳಿರುತ್ತವೆ. ನಮ್ಮಲ್ಲೂ ಇವೆ, ಈ ಪುಟ ಓದುತ್ತಿರುವ ನಿಮ್ಮಲ್ಲೂ ಇವೆ. ಹೆಚ್ಚಿನವು ಯಾವ ಪಾಠಕ್ಕೂ ತಾಗದ ಜಾಗದಲ್ಲಿ ಬೀಳುತ್ತವೆ. ಎಲ್ಲೋ ಒಂದು ಮಗುವಿನಲ್ಲಿ ಸಿ.ಎಚ್.ಡಿ.7ರ ಮೇಲೆ ಬೀಳುತ್ತದೆ. ಅತ್ತೆಯಂದಿರು ಗಮನಿಸಬೇಕಾದ ಇನ್ನೊಂದು ಮಾತು: ಇವುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಬರುವುದು ತಂದೆಯ ಕಡೆಯಿಂದ. ಹೆಣ್ಣಿನ ಅಂಡಕೋಶಗಳು ಅವಳು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಆಗಿರುತ್ತವೆ. ಗಂಡಿನ ವೀರ್ಯಕೋಶಗಳಾದರೆ ಆಯುಸ್ಸಿಡೀ ನಕಲಾಗುತ್ತಲೇ ಇರುತ್ತವೆ. ಹೆಚ್ಚು ಬರೆದವನ ಕೈಯಲ್ಲಿ ಹೆಚ್ಚು ತಪ್ಪು. ಇದರಲ್ಲಿ ಗಂಡಸಿನ ಪಾಪವೂ ಇಲ್ಲ. ಆದರೆ ಈವರೆಗೆ ಬೈಗುಳ ತಿಂದವರು ಯಾರು ಎಂದು ನೆನೆದಾಗ ನಮಗೆ ಈ ಲೆಕ್ಕವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕೆನಿಸುತ್ತದೆ.

ನಮ್ಮ ಜಿಲ್ಲೆಯಲ್ಲಿ ಇಂಥ ಮಗುವನ್ನು ಕಂಡ ಕೂಡಲೇ ಎಂಡೋಸಲ್ಫಾನ್ ಮಾತು ಬರುತ್ತದೆ, ಬರಲೂಬೇಕು. ಗೇರು ತೋಟಗಳ ಮೇಲೆ ಆಕಾಶದಿಂದ ಆ ವಿಷ ಸಿಂಪಡಿಸುವುದು 2000ದವರೆಗೂ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಅಲ್ಲಿ 'ಯಾರು ಹೊಣೆ' ಎಂದು ಕೇಳುವುದು ನ್ಯಾಯ, ಅದನ್ನು ಪ್ರಾರ್ಥನೆಯಿಂದ ಮುಚ್ಚಿಹಾಕಬಾರದು. ಈ ಮಗುವಿನ ವಿಷಯ ಬೇರೆ, ಪರೀಕ್ಷೆಯೇ ಅದನ್ನು ಬೇರ್ಪಡಿಸಿದೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಎರಡೂ ಮನೆಗಳಿಗೆ ಅನ್ಯಾಯ.

ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯವನ್ನು ನಾವು ಎಷ್ಟೋ ಸಲ ಓದಿ ಪ್ರಬೋಧನೆ ಮಾಡಿದ್ದೇವೆ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುತ್ತಾರೆ, ಪಾಪ ಯಾರದು, ಇವನದೋ ಹೆತ್ತವರದೋ ಎಂದು. ಇಬ್ಬರದೂ ಅಲ್ಲ ಎನ್ನುತ್ತಾರೆ ಯೇಸುಸ್ವಾಮಿ. ಈ ಸಲ ಓದುವಾಗ ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ. ಶಿಷ್ಯರು ಆ ಮನುಷ್ಯನ ಎದುರಿಗೇ ನಿಂತು ಅವನ ಬಗ್ಗೆ ಮಾತಾಡುತ್ತಾರೆ, ಅವನೊಡನೆ ಯಾರೂ ಮಾತಾಡುವುದಿಲ್ಲ. ಆಮೇಲೆ ಹೆತ್ತವರನ್ನು ಕರೆಸಿ ವಿಚಾರಣೆ ನಡೆಸುತ್ತಾರೆ. ಸಭಾಮಂದಿರದಿಂದ ಹೊರಗೆ ಹಾಕಿಯಾರೆಂಬ ಭಯದಲ್ಲಿ ಆ ಬಡಪಾಯಿಗಳು ಮಗನನ್ನೇ ಕೇಳಿ ಎಂದು ಜಾರಿಕೊಳ್ಳುತ್ತಾರೆ. ಭಯ ಹುಟ್ಟಿಸಿದವರು ಧರ್ಮದ ಹಿರಿಯರು. ನಮ್ಮ 'ದೇವರ ಚಿತ್ತ' ಕೂಡ ಆ ತಾಯಿಯ ಕಿವಿಗೆ ಒಂದು ತೀರ್ಪಿನ ಹಾಗೆಯೇ ಕೇಳಿಸಿರಬೇಕು.

ಮಾಡಬೇಕಾದದ್ದೂ ಇದೆ. ಕೆಟ್ಟ ಜೀನನ್ನು ಸರಿಪಡಿಸುವ ಔಷಧಿ ಇಂದಿಗೆ ಇಲ್ಲ ನಿಜ, ಆದರೆ 'ಏನೂ ಮಾಡಲಾಗದು' ಎಂಬುದು ಸುಳ್ಳು. ನವಜಾತ ಶಿಶು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ, ಆದ್ದರಿಂದ ಮುಚ್ಚಿದ ಮೂಗನ್ನು ಕೂಡಲೇ ಗುರುತಿಸಬೇಕು. ಕಣ್ಣು ಕಿವಿ ಎರಡೂ ಮಂದವಾದ ಮಗುವನ್ನು ಬುದ್ಧಿಯೇ ಮಂದ ಎಂದು ಜನ ಬೇಗ ತೀರ್ಮಾನಿಸುತ್ತಾರೆ. ಎಷ್ಟೋ ಸಲ ಅದು ಹಾಗಿರುವುದಿಲ್ಲ, ಕೇಳಿಸಿದರೆ ಕಲಿಯುತ್ತದೆ. ಆದ್ದರಿಂದ ಶ್ರವಣಯಂತ್ರ ತಡವಾಗಬಾರದು. ನಡಿಗೆ ತಡವಾಗುವುದಕ್ಕೆ ಒಳಗಿವಿಯ ಸಮತೋಲನದ ಅಂಗ ಸರಿಯಾಗಿ ಬೆಳೆಯದಿರುವುದೂ ಕಾರಣ, ಸೋಮಾರಿತನ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಕಿವುಡು-ಕುರುಡು ಎರಡೂ ಇರುವವರನ್ನು ಹೆಸರಿಸಿಯೇ ಸೇರಿಸಿದ್ದಾರೆ. ಪ್ರಮಾಣಪತ್ರ ಮಾಡಿಸಿಕೊಳ್ಳಲು ಸಂಕೋಚ ಬೇಡ.

ಇನ್ನೊಂದು ಮಗು ಬೇಕೆನ್ನುವವರು ಕೇಳುವ ಪ್ರಶ್ನೆ: ಮತ್ತೆ ಹೀಗಾದರೆ? ಹೆತ್ತವರಿಬ್ಬರ ರಕ್ತದಲ್ಲೂ ದೋಷವಿಲ್ಲದಿದ್ದರೆ ಆ ಸಾಧ್ಯತೆ ಶೇಕಡಾ 1ರಿಂದ 2ರಷ್ಟು ಎನ್ನುತ್ತಾರೆ ವೈದ್ಯರು. ತಂದೆಗೋ ತಾಯಿಗೋ ಈ ದೋಷವೇ ಇದ್ದರೆ ಅರ್ಧಕ್ಕರ್ಧ. ಅದಕ್ಕೇ ಪರೀಕ್ಷೆ, ಅದಕ್ಕೇ ಸಲಹೆ. ಗರ್ಭದಲ್ಲಿರುವಾಗ ಪರೀಕ್ಷೆ ಮಾಡುವುದನ್ನೇ ಧರ್ಮಸಭೆ ತಪ್ಪೆನ್ನುವುದಿಲ್ಲ. ಮಗುವಿನ, ತಾಯಿಯ ಆರೈಕೆಗಾಗಿ ಅದು ಸರಿಯೆಂದು 1987ರ 'ದೋನುಮ್ ವಿತೆ' ಪತ್ರ ಹೇಳುತ್ತದೆ. ಫಲಿತಾಂಶ ನೋಡಿ ಜೀವ ತೆಗೆಯುವುದನ್ನು ಅದು ಒಪ್ಪುವುದಿಲ್ಲ.

ಕಳೆದ ತಿಂಗಳು ಆ ಮನೆಗೆ ಮತ್ತೆ ಹೋಗಿದ್ದೆವು. ಈ ಸಲ ಅಜ್ಜಿಯ ಪಕ್ಕದಲ್ಲೇ ಜಗಲಿಯಲ್ಲಿ ಕೂತೆವು. ಜೇಬಿನಿಂದ ಜಪಸರ ತೆಗೆದು, ಮಣಿ, ದಾರ, ಮಣಿ ಸರಿಸುವವನು ಎಂದು ನಮಗೆ ಬಂದ ಹಾಗೆ ವಿವರಿಸಿದೆವು. ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ತಂದೆಯ ಕಡೆಯ ಲೆಕ್ಕ ಬಂದಾಗ ಮಾತ್ರ ಕೈ ನಿಂತಿತು.

"ಹಾಗಾದರೆ ನಮ್ಮ ಹುಡುಗನ ಕಡೆಯಿಂದಲೂ ಬಂದಿರಬಹುದು ಎನ್ನುತ್ತೀರಾ ಫಾದರ್?"

"ಬಂದಿರಬಹುದು. ಬೇಕೆಂದು ಯಾರೂ ಮಾಡಿದ್ದಲ್ಲ."

ಸೊಸೆ ಬಾಗಿಲ ಬಳಿ ವರದಿ ಹಿಡಿದುಕೊಂಡು ನಿಂತಿದ್ದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೈ ಒರೆಸಿಕೊಂಡು, ನೆಲದ ಮೇಲೆ ಕುಂಡೆ ಜಾರಿಸುತ್ತ ಬಂದ ಮೊಮ್ಮಗನನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು ಸೊಸೆಗೆ ಹೇಳಿದರು: "ಆ ಕಾಗದ ಒಳಗೆ ಇಡು. ಕಿವಿಯ ಮೆಷಿನಿಗೆ ಹೋಗುವಾಗ ಬೇಕಾಗುತ್ತದೆ."